ಷೇರು ಮಾರುವುದು ಬೇರೆ, ಹಿಡಿತ ಬಿಡುವುದು ಬೇರೆ: ಸರ್ಕಾರಿ ಇಂಧನ ಕಂಪನಿಗಳ ಖಾಸಗೀಕರಣ

ಸರ್ಕಾರಗಳು ತಮ್ಮ ತೈಲ ಕಂಪನಿಗಳನ್ನು ಮಾರುವುದಕ್ಕೆ ಸಿದ್ಧಾಂತಕ್ಕಿಂತ ಹೆಚ್ಚಾಗಿ ಹಣದ ಮುಗ್ಗಟ್ಟೇ ಕಾರಣವಾಗಿರುವುದುಂಟು. 1976ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲಕ್ಕೆ ಕೈಚಾಚಿದ ಬ್ರಿಟನ್ನಿನ ಲೇಬರ್ ಸರ್ಕಾರವು ಮರುವರ್ಷವೇ ಬ್ರಿಟಿಷ್ ಪೆಟ್ರೋಲಿಯಂ (ಬಿಪಿ) ಕಂಪನಿಯಲ್ಲಿದ್ದ ತನ್ನ ಷೇರುಗಳ ಒಂದು ಭಾಗವನ್ನು ಮಾರಿತು. ಖಾಸಗೀಕರಣ ಆ ನಂತರ ಪ್ರಧಾನಿಯಾದ ಮಾರ್ಗರೇಟ್ ಥ್ಯಾಚರ್ ಅವರಿಂದಲೇ ಆರಂಭವಾಯಿತೆಂದು ಬರೆಯುವವರು ಇದನ್ನು ಗಮನಿಸಬೇಕು.

ಈ ವಿಷಯದಲ್ಲಿ ತೊಡಕಾಗುವ ಹಂತವೆಂದರೆ ಒಡೆತನದ ಪಾಲು ಮತ್ತು ನಿಯಂತ್ರಣದ ನಡುವಿನ ವ್ಯತ್ಯಾಸ. ಒಂದು ಕಂಪನಿಯಲ್ಲಿ ಒಟ್ಟು 100 ಷೇರುಗಳಿವೆ, ಅವುಗಳಲ್ಲಿ 50ಕ್ಕೆ ಮಾತ್ರ ಮತಾಧಿಕಾರ, ಅಂದರೆ ಕಂಪನಿಯ ನಿರ್ಧಾರಗಳಲ್ಲಿ ಮತ ಹಾಕುವ ಹಕ್ಕು, ಇದೆ ಎಂದುಕೊಳ್ಳೋಣ. ಮತಾಧಿಕಾರವುಳ್ಳ 26 ಷೇರುಗಳನ್ನು ಸರ್ಕಾರ ಉಳಿಸಿಕೊಂಡರೆ ಬಂಡವಾಳದಲ್ಲಿ ಅದರ ಪಾಲು ಶೇ. 26, ಮತಗಳಲ್ಲಿ ಶೇ. 52. ಉಳಿದ 74 ಷೇರುಗಳನ್ನು ಕೊಂಡವರಿಗೆ ಲಾಭಾಂಶ ಸಿಗುತ್ತದೆ. ಆಡಳಿತ ಮಂಡಳಿಯನ್ನು ಆರಿಸುವ ಬಲ ಸಿಗುವುದಿಲ್ಲ. ಆದ್ದರಿಂದ ‘ಎಷ್ಟು ಮಾರಿದರು’ ಎಂದು ಕೇಳುವ ಮೊದಲು ‘ಯಾವ ಬಗೆಯ ಷೇರು ಮಾರಿದರು’ ಎಂದು ಕೇಳಬೇಕು. ಬ್ರೆಜಿಲ್‌ನ 1997ರ ಪೆಟ್ರೋಲಿಯಂ ಕಾಯ್ದೆ ಮಾಡಿದ್ದು ಇದನ್ನೇ: ತೈಲ ಕ್ಷೇತ್ರವನ್ನು ಇತರ ಕಂಪನಿಗಳಿಗೆ ತೆರೆದರೂ, ಸರ್ಕಾರಿ ತೈಲ ಕಂಪನಿ ಪೆಟ್ರೋಬ್ರಾಸ್‌ನ ಮತಾಧಿಕಾರವುಳ್ಳ ಷೇರುಗಳಲ್ಲಿ ಅರ್ಧಕ್ಕಿಂತ ಕನಿಷ್ಠ ಒಂದಾದರೂ ಹೆಚ್ಚು ಸರ್ಕಾರದ ಬಳಿಯೇ ಇರಬೇಕೆಂದು ಅದು ವಿಧಿಸಿತು. ಹೀಗಾಗಿಯೇ 2010ರ ದಶಕದ ಆರಂಭದಲ್ಲಿ, ಹಣದುಬ್ಬರಕ್ಕೆ ಅಂಜಿದ ಸರ್ಕಾರ ಇಂಧನವನ್ನು ಆಮದು ಬೆಲೆಗಿಂತ ಕಡಿಮೆಗೆ ಮಾರಿಸಿದಾಗ, ಆ ನಷ್ಟದಲ್ಲಿ ನ್ಯೂಯಾರ್ಕ್‌ನಲ್ಲಿ ಷೇರು ಕೊಂಡವರೂ ಪಾಲುದಾರರಾದರು. ನಾರ್ವೆಯ ಲೆಕ್ಕ ಇದಕ್ಕಿಂತ ಸರಳ. 2001ರಲ್ಲಿ ಅದರ ತೈಲ ಕಂಪನಿ ಸ್ಟಾಟ್‌ಆಯಿಲ್ ಷೇರುಪೇಟೆಗೆ ಬಂದರೂ ಬಹುಪಾಲು ರಾಷ್ಟ್ರದ್ದಾಗಿಯೇ ಉಳಿಯಿತು.

ಪೂರ್ತಿ ಮಾರಿದರೂ ರಾಜಕೀಯ ದೂರವಾಗುವುದಿಲ್ಲ. 1987ರ ಅಕ್ಟೋಬರ್‌ನಲ್ಲಿ ಬ್ರಿಟನ್ ತನ್ನಲ್ಲಿ ಉಳಿದಿದ್ದ ಬಿಪಿ ಷೇರುಗಳನ್ನು ಮಾರಾಟಕ್ಕಿಟ್ಟಾಗಲೇ ವಿಶ್ವದ ಷೇರುಪೇಟೆಗಳು ಕುಸಿದವು. ಅಗ್ಗವಾದ ಷೇರುಗಳನ್ನು ಕೊಂಡ ಕುವೈತ್ ಸರ್ಕಾರದ ಹೂಡಿಕೆ ಸಂಸ್ಥೆ ಕಂಪನಿಯ ಶೇ. 20ಕ್ಕೂ ಹೆಚ್ಚು ಪಾಲನ್ನು ಪಡೆಯಿತು. ಒಂದು ಸರ್ಕಾರ ಬಿಟ್ಟದ್ದನ್ನು ಮತ್ತೊಂದು ಸರ್ಕಾರ ಹಿಡಿದರೆ ಅದನ್ನು ಖಾಸಗೀಕರಣವೆನ್ನಬಹುದೇ? ಮುಕ್ತ ಮಾರುಕಟ್ಟೆಯನ್ನು ಹೊಗಳುತ್ತಿದ್ದ ಥ್ಯಾಚರ್ ಸರ್ಕಾರವೇ ಆ ಪಾಲನ್ನು ಶೇ. 9.9ಕ್ಕೆ ಇಳಿಸುವಂತೆ ಆದೇಶಿಸಿತು.

ಅರ್ಜೆಂಟೀನಾದಲ್ಲಿ ದಿಕ್ಕೇ ತಿರುಗಿತು. 1993ರಲ್ಲಿ ಷೇರುಪೇಟೆಗೆ ಬಂದ ಸರ್ಕಾರಿ ತೈಲ ಕಂಪನಿ ವೈಪಿಎಫ್ 1999ರಲ್ಲಿ ಸ್ಪೇನ್‌ನ ತೈಲ ಕಂಪನಿ ರೆಪ್ಸೋಲ್‌ನ ವಶವಾಯಿತು. ಇಂಧನದ ಆಮದು ಹೊರೆಯಾದಾಗ, 2012ರಲ್ಲಿ, ಸರ್ಕಾರ ರೆಪ್ಸೋಲ್‌ನಿಂದ ಶೇ. 51ರಷ್ಟು ಪಾಲನ್ನು ಕಾನೂನಿನ ಮೂಲಕ ವಶಪಡಿಸಿಕೊಂಡು, 2014ರಲ್ಲಿ ಸುಮಾರು 500 ಕೋಟಿ ಡಾಲರ್ ಮೌಲ್ಯದ ಬಾಂಡ್‌ಗಳನ್ನು ಪರಿಹಾರವಾಗಿ ಕೊಡಲು ಒಪ್ಪಿತು. ಆದರೆ ಹೊರಗಿನ ಬಂಡವಾಳವಿಲ್ಲದೆ ಹೊಸ ಬಾವಿಗಳನ್ನು ಕೊರೆಯುವುದು ಕಷ್ಟವಾದ್ದರಿಂದ ಕಂಪನಿಯನ್ನು ನ್ಯೂಯಾರ್ಕ್ ಷೇರುಪೇಟೆಯಿಂದ ಹೊರತರಲಿಲ್ಲ.