ಖಾತೆ ನಿಮ್ಮದು, ಮೊಬೈಲ್ ನಂಬರ್ ಯಾರದು?

ಬ್ಯಾಂಕ್ ಸೇವೆಯಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ, ಅದರಲ್ಲೂ ಕೊನೆಯ ಏಳೆಂಟು ವರ್ಷಗಳಲ್ಲಿ, ಹಿರಿಯ ಖಾತೆದಾರರಿಂದ ನಾನು ಮತ್ತೆ ಮತ್ತೆ ಕೇಳಿದ ಮಾತೊಂದಿದೆ: "ನನ್ನ ಹತ್ತಿರ ಇರುವುದು ಬಟನ್ ಸೆಟ್ ಸಾರ್, ಮಗನ ನಂಬರೇ ಹಾಕಿಬಿಡಿ." ನಾವೂ ಅರ್ಜಿಯಲ್ಲಿ ಹಾಗೆಯೇ ಬರೆದುಕೊಂಡು ಮುಂದಿನವರನ್ನು ಕರೆಯುತ್ತಿದ್ದೆವು. ಸ್ಮಾರ್ಟ್‌ಫೋನ್ ಬೇಡವೆಂದು ಬದುಕುವವರಿಗೂ, ಕೊಳ್ಳಲಾಗದೆ ಹಾಗೆ ಬದುಕುವವರಿಗೂ ಈಗ ನಾನು ಮೊದಲು ಹೇಳುವುದು ಇದನ್ನೇ: ಖಾತೆಗೆ ಜೋಡಿಸಿದ ನಂಬರಿನ ಸಿಮ್ ನಿಮ್ಮ ಕೈಯಲ್ಲೇ ಇರಬೇಕು, ಅದು ಹಳೆಯ ಕೀಪ್ಯಾಡ್ ಫೋನಿನಲ್ಲಿದ್ದರೂ ಅಡ್ಡಿಯಿಲ್ಲ.

ಕುಟುಂಬ ಪಿಂಚಣಿ ಪಡೆಯುವ, ಎಪ್ಪತ್ತು ದಾಟಿದ ತಾಯಿಯೊಬ್ಬರು ಒಂದು ಬೆಳಿಗ್ಗೆ ನಮ್ಮ ಶಾಖೆಗೆ ಬಂದು, ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆದು, ಎಂಟ್ರಿ ಹಾಕಿಕೊಡಿ ಎಂದರು. ಆರು ತಿಂಗಳ ಎಂಟ್ರಿ ಬಾಕಿಯಿತ್ತು. ಅವರು ತಿಂಗಳಿಗೊಮ್ಮೆ ಚೀಟಿ ಬರೆದು ಹಣ ತೆಗೆಯುವವರಾದ್ದರಿಂದ ಹತ್ತು ಹನ್ನೆರಡು ಸಾಲು ಮುದ್ರಣವಾಗಬೇಕಿದ್ದಲ್ಲಿ, ಯಂತ್ರ ಪುಟ ತಿರುಗಿಸಿ ಎಂದು ಎರಡು ಸಲ ಕೇಳಿತು. 99 ರೂಪಾಯಿ, 250 ರೂಪಾಯಿ, 1,500 ರೂಪಾಯಿ, ಹೀಗೆ ಸಾಲುಸಾಲಾಗಿ ಯುಪಿಐ ಪಾವತಿಗಳಿದ್ದವು. ಖಾತೆಯಲ್ಲಿದ್ದದ್ದು ಮೊಮ್ಮಗನ ನಂಬರ್. ಆ ಹುಡುಗ ಕೆಟ್ಟವನೆಂದು ನನಗೆ ಇಂದಿಗೂ ಅನ್ನಿಸಿಲ್ಲ. ಸಂಬಳ ಬಂದಾಗ ತುಂಬಿಬಿಡುತ್ತೇನೆಂದುಕೊಂಡು ಖರ್ಚು ಮಾಡುತ್ತಾ ಹೋಗಿದ್ದ. ಆದರೆ ಪುಟದ ಮೇಲೆ ಬೆರಳಿಟ್ಟು, "ಇದೆಲ್ಲ ನಾನು ತೆಗೆದದ್ದೇ?" ಎಂದು ಆ ತಾಯಿ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಇದು ನಡೆಯುವ ಬಗೆ ಸರಳವಾಗಿದೆ. ಯುಪಿಐ ಆ್ಯಪ್ ಹಾಕಿಕೊಂಡಾಗ ಅದು ಮೊದಲು ಆ ಫೋನಿನ ಸಿಮ್‌ನಿಂದ ಒಂದು ಸಂದೇಶ ಕಳುಹಿಸಿ, ಆ ನಂಬರಿಗೆ ಯಾವ ಖಾತೆಗಳು ಜೋಡಣೆಯಾಗಿವೆ ಎಂದು ಹುಡುಕುತ್ತದೆ. ಆಮೇಲೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಕಾರ್ಡಿನ ಅವಧಿ ಮುಗಿಯುವ ತಿಂಗಳು ಮತ್ತು ಅದೇ ಸಿಮ್‌ಗೆ ಬರುವ ಒಟಿಪಿ ಇದ್ದರೆ ಪಿನ್ ಸಿದ್ಧವಾಗುತ್ತದೆ. ಕಾರ್ಡು ಮನೆಯ ಬೀರುವಿನಲ್ಲಿದ್ದು ಸಿಮ್ ಇನ್ನೊಬ್ಬರ ಫೋನಿನಲ್ಲಿದ್ದರೆ, ಖಾತೆದಾರರಿಗೆ ತಿಳಿಯದೆಯೇ ಇಷ್ಟೂ ಮುಗಿದುಹೋಗುತ್ತದೆ. ಹಣ ಕಡಿತವಾದ ಎಸ್‌ಎಂಎಸ್ ಕೂಡ ಹಣ ತೆಗೆದವರಿಗೇ ಹೋಗುತ್ತದೆ. ಹೊರಗಿನವರು ಮೋಸ ಮಾಡಿದಾಗ ಈ ತೊಡಕು ಇನ್ನೂ ದೊಡ್ಡದು. ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದ ವಂಚನೆಯಲ್ಲಿ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕರ ಮೇಲೆ ನಷ್ಟ ಬೀಳುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದೆ. ಸಂದೇಶ ದೂರದ ಊರಿನಲ್ಲಿರುವ ಮಗನ ಫೋನಿಗೆ ಬಂದು, ಅವನು ಅದನ್ನು ನೋಡದೇ ಬಿಟ್ಟರೆ, ಆ ಮೂರು ದಿನ ಹಾಗೆಯೇ ಕಳೆದುಹೋಗುತ್ತವೆ.

ಸ್ವಂತ ನಂಬರ್ ಇಟ್ಟುಕೊಂಡರೆ ಸಾಲದು, ಅದು ಚಾಲ್ತಿಯಲ್ಲೂ ಇರಬೇಕು. ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ಕಡಿತಗೊಂಡು, ತೊಂಬತ್ತು ದಿನ ಕಳೆದ ಮೇಲೆ ಬೇರೆಯವರ ಪಾಲಾಗಬಹುದು. ಇಂಟರ್ನೆಟ್ ಬಳಸದವರು ಡೇಟಾ ಪ್ಯಾಕಿಗೆ ದುಡ್ಡು ಸುರಿಯಬೇಕಾಗಿಲ್ಲ. ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕನ್ನೂ ಕಂಪನಿಗಳು ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ; ಅಂಗಡಿಯವರು ತಾವಾಗಿ ಹೇಳದಿದ್ದರೆ ನೀವೇ ಕೇಳಿ ಪಡೆಯಿರಿ.

ಇನ್ನು ಶಾಖೆಯ ಕೆಲಸ. ಕೌಂಟರಿನಲ್ಲಿ "ಆ್ಯಪ್‌ನಲ್ಲಿ ಮಾಡಿಕೊಳ್ಳಿ" ಎಂದು ಹೇಳಿ ಹಿರಿಯರನ್ನು ವಾಪಸ್ ಕಳುಹಿಸುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೇ ಹೋಗಿ ಹಣ ಕಟ್ಟಿಸಿಕೊಂಡು ಬಂದ ನಾಡು ನಮ್ಮದು. ರಿಸರ್ವ್ ಬ್ಯಾಂಕ್ 2017ರ ನವೆಂಬರ್ 9ರ ಸುತ್ತೋಲೆಯಲ್ಲಿ ಹಿರಿಯ ನಾಗರಿಕರಿಗೆ ಪ್ರತ್ಯೇಕ ಅಥವಾ ಆದ್ಯತೆಯ ಕೌಂಟರ್ ಇರಬೇಕು, ಉಳಿತಾಯ ಖಾತೆದಾರರು ಕೇಳಿದರೆ ವರ್ಷಕ್ಕೆ ಕನಿಷ್ಠ 25 ಚೆಕ್ ಹಾಳೆ ಉಚಿತವಾಗಿ ಕೊಡಬೇಕು, ಚೆಕ್ ಪುಸ್ತಕಕ್ಕಾಗಿ ಖುದ್ದು ಬರಲೇಬೇಕೆಂದು ಒತ್ತಾಯಿಸಬಾರದು, ಎಪ್ಪತ್ತು ದಾಟಿದವರಿಗೆ ಮತ್ತು ಅಶಕ್ತರಿಗೆ ಮನೆಬಾಗಿಲಿನ ಸೇವೆಗೆ ವ್ಯವಸ್ಥೆ ಮಾಡಬೇಕು ಎಂದು ಬ್ಯಾಂಕುಗಳಿಗೆ ಸೂಚಿಸಿದೆ. ಕಾಯಿಲೆಯಿಂದ ಸಹಿ ಮಾಡಲಾಗದವರು ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ಹಣ ಪಡೆಯಬಹುದು. ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಕೇಂದ್ರ ಸರ್ಕಾರದ ಪಿಂಚಣಿದಾರರು ನವೆಂಬರಿನಲ್ಲಿ ಕೊಡುವ ಜೀವಿತ ಪ್ರಮಾಣಪತ್ರವನ್ನು ಶಾಖೆಗೆ ಬಂದು ಕಾಗದದ ಮೇಲೆಯೇ ಕೊಡಬಹುದು. ಎಂಬತ್ತು ದಾಟಿದವರಿಗೆ ಅಕ್ಟೋಬರಿನಿಂದಲೇ ಅವಕಾಶವಿದೆ. ಓಡಾಡಲಾಗದವರು ಅಂಚೆ ಕಚೇರಿಗೆ ತಿಳಿಸಿದರೆ ಪೋಸ್ಟ್‌ಮ್ಯಾನ್ ಮನೆಗೆ ಬಂದು ಬೆರಳಚ್ಚು ಪಡೆದು ಅದನ್ನು ಮಾಡಿಕೊಡುತ್ತಾರೆ.

ಕೀಪ್ಯಾಡ್ ಫೋನಿನಿಂದಲೇ ಹಣ ಕಳುಹಿಸಲು *99# ಎಂದು ಒತ್ತಿ ಬಳಸುವ ಸೇವೆ ಮತ್ತು 2022ರ ಮಾರ್ಚ್‌ನಲ್ಲಿ ಬಂದ, ಕರೆ ಮಾಡಿಯೂ ಬಳಸಬಹುದಾದ ಯುಪಿಐ 123ಪೇ ಇವೆ, ಇಂಟರ್ನೆಟ್ ಬೇಕಾಗಿಲ್ಲ. ಆದರೆ ಹಣ ಕಳುಹಿಸಲೆಂದು ಪಿನ್ ಮಾಡಿಕೊಂಡು, ಅದನ್ನು ಒತ್ತಿಸಲು ಪಕ್ಕದವರ ಕೈಗೆ ಫೋನ್ ಕೊಡುವುದಾದರೆ, ಚೆಕ್ಕು ಮತ್ತು ಚೀಟಿಯಲ್ಲೇ ಇರುವುದು ಲೇಸೆಂಬುದು ನನ್ನ ಖಚಿತ ಅಭಿಪ್ರಾಯ.

ಆ ತಾಯಿಯ ಖಾತೆಯ ನಂಬರನ್ನು ನಾವು ಅಂದೇ ಬದಲಿಸಲಿಲ್ಲ, ಏಕೆಂದರೆ ಅವರ ಹೆಸರಿನಲ್ಲಿ ಸಿಮ್ ಇರಲಿಲ್ಲ. ಮೊದಲು ಕಾರ್ಡನ್ನು ತಡೆಹಿಡಿದು, ಯುಪಿಐ ನಿಲ್ಲಿಸಲು ಅರ್ಜಿ ಬರೆಸಿಕೊಂಡೆವು. ನಾಲ್ಕನೆಯ ದಿನ ಸ್ವಂತ ಸಿಮ್ ಪಡೆದು, ಆಧಾರ್ ಪ್ರತಿ ಮತ್ತು ಪಾಸ್‌ಬುಕ್ ಸಮೇತ ಬಂದು ಹೊಸ ನಂಬರ್ ಬರೆಸಿದರು. ಆಧಾರಿಗೂ ಅದೇ ನಂಬರ್ ಸೇರಿಸಲು ಸೇವಾ ಕೇಂದ್ರಕ್ಕೆ ಕಳುಹಿಸಿದೆ. ಹೊಸ ಕಾರ್ಡ್ ಬೇಕೇ ಎಂದು ಕೇಳಿದಾಗ ಬೇಡವೆಂದರು. ಉಳಿತಾಯ ಖಾತೆಗೆ ಕಾರ್ಡ್ ಇರಲೇಬೇಕೆಂಬ ಕಟ್ಟುಪಾಡಿಲ್ಲ, ಇಲ್ಲದಿದ್ದರೆ ಅದರ ವಾರ್ಷಿಕ ಶುಲ್ಕವೂ ಇಲ್ಲ. ಮುಂದಿನ ತಿಂಗಳು ಪಿಂಚಣಿ ಜಮೆಯಾದ ಸಂದೇಶ ಮೊದಲ ಸಲ ಅವರ ಫೋನಿಗೇ ಬಂತು. ಅದನ್ನು ಅಳಿಸದೆ ಹಾಗೆಯೇ ಇಟ್ಟುಕೊಂಡು ಬಂದು, ಚೀಟಿಯ ಜೊತೆಗೆ ಕೌಂಟರಿನಲ್ಲಿ ತೋರಿಸಿದರು.