ಎಂಟು ಮಿಲಿಮೀಟರಿನ ಲೆಕ್ಕದಲ್ಲಿ ಒಂದು ಡೆಲೋರಿಯನ್

1985ರ ‘ಬ್ಯಾಕ್ ಟು ದ ಫ್ಯೂಚರ್’ ಸಿನಿಮಾದಲ್ಲಿ ಗಂಟೆಗೆ 88 ಮೈಲಿ, ಅಂದರೆ ಸುಮಾರು 142 ಕಿಲೋಮೀಟರ್ ವೇಗ ಮುಟ್ಟಿದೊಡನೆ ಕಾಲವನ್ನೇ ದಾಟಿಬಿಡುವ ಆ ಬೂದು ಕಾರನ್ನು ನೋಡಿದವರು ಮರೆಯಲಾರರು. ನಿಜ ಜೀವನದಲ್ಲಿ ಅದು ಡೆಲೋರಿಯನ್. ಉತ್ತರ ಐರ್ಲೆಂಡಿನ ಡನ್ಮರಿಯಲ್ಲಿ 1981ರಿಂದ ಎರಡು ವರ್ಷಗಳ ಕಾಲ ತಯಾರಾಯಿತು. ಮೈಗೆ ಬಣ್ಣ ಬಳಿಯದ ಸ್ಟೇನ್‌ಲೆಸ್ ಸ್ಟೀಲ್ ತಗಡು, ಹಕ್ಕಿಯ ರೆಕ್ಕೆಯಂತೆ ಮೇಲಕ್ಕೇಳುವ ಬಾಗಿಲು. 2022ರಲ್ಲಿ, ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಇಟ್ಟಿಗೆಗಳ ಆಟಿಕೆ ಕಂಪನಿ ಲೆಗೋ ಈ ಕಾಲಯಂತ್ರವನ್ನು 1,872 ಬಿಡಿಭಾಗಗಳ ಆಟಿಕೆಯಾಗಿ ಹೊರತಂದಿತು.

ಇಟ್ಟಿಗೆಯಲ್ಲಿ ಕಟ್ಟಲು ಇಷ್ಟು ಒಗ್ಗುವ ಕಾರು ಇನ್ನೊಂದಿರಲಾರದು ಎಂಬುದು ನನ್ನ ನಂಬಿಕೆ. ವಿನ್ಯಾಸಕಾರ ಜಾರ್ಜೆಟ್ಟೊ ಜುಜಾರೊ ಇದನ್ನು ಚಪ್ಪಟೆ ತಗಡನ್ನು ಮಡಿಚಿ ಮಾಡಿದಂತೆ ನೇರ ಗೆರೆಗಳಲ್ಲಿ ರೂಪಿಸಿದ. ಉಬ್ಬಿದ ಮೈಯ ಕಾರಾಗಿದ್ದರೆ ಚೌಕಗಳಲ್ಲಿ ಹಿಡಿಯುವುದು ಬಲು ಕಷ್ಟ.

ಆದರೂ ನೇರ ಗೆರೆಯೇ ಸಾಲದು, ಅಳತೆಯೂ ಕೂಡಿಬರಬೇಕು. ಇಟ್ಟಿಗೆಯ ಮೇಲಿನ ಉಬ್ಬುಗಳಿಗೆ ಸ್ಟಡ್ ಎನ್ನುತ್ತಾರೆ. ಒಂದು ಸ್ಟಡ್‌ನ ನಡುವಿನಿಂದ ಮುಂದಿನದರ ನಡುವಿಗೆ ಸರಿಯಾಗಿ 8 ಮಿಲಿಮೀಟರ್. ನಿಜವಾದ ಕಾರಿನ ಉದ್ದ ಸುಮಾರು 4.27 ಮೀಟರ್. ಅದನ್ನು ಹನ್ನೆರಡರಲ್ಲಿ ಒಂದು ಪಾಲಿಗೆ ಕುಗ್ಗಿಸಿದರೆ ಸುಮಾರು 356 ಮಿಲಿಮೀಟರ್, ಅಂದರೆ 44 ಸ್ಟಡ್. ಹೀಗೆ ನೋಡಿದರೆ ಇಡೀ ಕಾರು 44 ಚುಕ್ಕಿಗಳ ಚಿತ್ರ. ಅಷ್ಟು ದಪ್ಪ ಚುಕ್ಕಿಗಳಲ್ಲಿ ದೀಪದ ಅಂಚು, ಕಿಟಕಿಯ ಚೌಕಟ್ಟು ಮೂಡುವುದಾದರೂ ಹೇಗೆ?

ಗುಟ್ಟಿರುವುದು ಪ್ಲೇಟ್ ಎಂಬ ತೆಳು ತುಂಡಿನಲ್ಲಿ. ಅದರ ದಪ್ಪ 3.2 ಮಿಲಿಮೀಟರ್, ಮೂರನ್ನು ಪೇರಿಸಿದರೆ ಒಂದು ಇಟ್ಟಿಗೆಯ ಎತ್ತರ, 9.6. ಐದನ್ನು ಪೇರಿಸಿದರೆ 16 ಮಿಲಿಮೀಟರ್, ಅಂದರೆ ಎರಡು ಸ್ಟಡ್‌ಗಳ ಅಗಲ! ಈ ಸಮೀಕರಣ ಗೊತ್ತಾದ ದಿನ ನಾನು ಐದು ಪ್ಲೇಟುಗಳನ್ನು ಅಡ್ಡ ಮಲಗಿಸಿ, ಎರಡು ಸ್ಟಡ್ ಅಗಲದ ಸಂದಿನಲ್ಲಿ ಕೂರಿಸಿ, ಬೆರಳಾಡಿಸಿ ನೋಡಿದ್ದೆ. ಕೂದಲೆಳೆಯಷ್ಟು ಸಂದೂ ಕಾಣಲಿಲ್ಲ. ಹಾಗಾಗಿ ಕಾರಿನ ಪಕ್ಕದ ಗೋಡೆಗಳನ್ನು ಅಡ್ಡಲಾಗಿ, ಸ್ಟಡ್‌ಗಳು ಹೊರಮುಖವಾಗುವಂತೆ ಕಟ್ಟಿ ನಡುವಿನ ಅಸ್ಥಿಪಂಜರಕ್ಕೆ ಸಿಕ್ಕಿಸಬಹುದು. ಆಗ ಎಂಟರ ಬದಲು ಮೂರು ಮಿಲಿಮೀಟರಿನಷ್ಟು ಸೂಕ್ಷ್ಮವಾಗಿ ಅಗಲವನ್ನು ತಿದ್ದಲು ಬರುತ್ತದೆ. ಸ್ಟಡ್ ಇಲ್ಲದ ನುಣುಪು ತುಂಡುಗಳನ್ನು ಮೇಲೆ ಹೊದಿಸಿದರೆ ಸ್ಟೀಲ್ ತಗಡಿನ ಸಮತಟ್ಟು ಮೈ ಸಿದ್ಧ.

ಇದೆಲ್ಲ ನಡೆಯುವುದು ಅಚ್ಚಿನ ನಿಖರತೆಯ ಮೇಲೆ. ಒಂದೊಂದು ಸ್ಟಡ್‌ಗೆ 0.02 ಮಿಲಿಮೀಟರ್ ತಪ್ಪಿದರೂ ಕಾರಿನ ಆ ತುದಿ ಮುಟ್ಟುವಷ್ಟರಲ್ಲಿ ತಪ್ಪು 0.88 ಮಿಲಿಮೀಟರಿಗೆ ಬೆಳೆದು ಕಣ್ಣಿಗೆ ಹೊಡೆಯುತ್ತದೆ. ಎಬಿಎಸ್ ಎಂಬ ಪ್ಲಾಸ್ಟಿಕ್ ಇಲ್ಲಿ ಕೈಹಿಡಿಯುತ್ತದೆ. ಅದರಲ್ಲಿರುವ ಸ್ಟೈರೀನ್ ಗಡಸುತನ ಮತ್ತು ಹೊಳಪು ಕೊಟ್ಟರೆ, ಬ್ಯುಟಾಡೈಯೀನ್ ರಬ್ಬರಿನ ತಾಳಿಕೆ ಕೊಡುತ್ತದೆ. ಸ್ಟಡ್ ಒಳಹೊಕ್ಕಾಗ ಇಟ್ಟಿಗೆಯ ಗೋಡೆ ಚೂರೇ ಚೂರು ಅರಳಿ, ಮರಳಿ ಬಿಗಿಯುತ್ತದೆ. ಅಂಟಿಲ್ಲದೆ ಸಾವಿರಾರು ತುಂಡು ಒಟ್ಟಿಗೆ ನಿಲ್ಲುವುದು ಈ ಬಿಗಿತದಿಂದ.

ಓರೆ ಮೈ ಬೇರೆಯೇ ಸಮಸ್ಯೆ. ಚೌಕ ಜಾಲದಲ್ಲಿ ಒಂದು ಹಲಗೆಯನ್ನು ಓರೆಯಾಗಿಸಿದರೆ ಅದರ ಎರಡೂ ತುದಿಗಳು ಸ್ಟಡ್‌ಗಳ ಮೇಲೆ ಬೀಳುವುದು ಅಪರೂಪ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಇಲ್ಲಿ ನೆರವಿಗೆ ಬರುತ್ತಾನೆ: 3, 4, 5ರ ತ್ರಿಕೋನದಲ್ಲಿ, 5, 12, 13ರ ತ್ರಿಕೋನದಲ್ಲಿ ಎರಡೂ ತುದಿಗಳು ತಪ್ಪದೆ ಕೂಡುತ್ತವೆ. ಮೂತಿಯಂಥ ಸಣ್ಣ ಇಳಿಜಾರಿಗೆ ಒಂದು ತುದಿಯನ್ನು ಕೀಲಿಗೆ ಸಿಕ್ಕಿಸಿ, ಇನ್ನೊಂದನ್ನು ನುಣುಪು ತುಂಡಿನ ಮೇಲೆ ಸುಮ್ಮನೆ ಒರಗಿಸಿದರೂ ನಡೆಯುತ್ತದೆ.

ಇನ್ನು ಬಾಗಿಲು. ನಿಜವಾದ ಡೆಲೋರಿಯನ್ನಿನಲ್ಲಿ ಆ ಭಾರವನ್ನು ಎತ್ತಿಹಿಡಿಯುವುದು ತಿರುಚಿದ ಉಕ್ಕಿನ ಸರಳು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ತಣಿಸಿ ಅದನ್ನು ತಿರುಚುತ್ತಿದ್ದರು. ಹನ್ನೆರಡರಲ್ಲಿ ಒಂದರಷ್ಟು ಚಿಕ್ಕ ಮಾದರಿಯಲ್ಲಿ ಲೆಕ್ಕವೇ ಬದಲಾಗುತ್ತದೆ. ಅದನ್ನೂ ಉಕ್ಕಿನಿಂದಲೇ ಮಾಡಿದರೂ ಬಾಗಿಲಿನ ತೂಕ 12ರ ಘನದಷ್ಟು, ಅಂದರೆ 1,728 ಪಟ್ಟು ಇಳಿಯುತ್ತದೆ. ಕೀಲಿಗೂ ಆ ತೂಕಕ್ಕೂ ನಡುವಿನ ಅಂತರವೂ ಹನ್ನೆರಡು ಪಟ್ಟು ಕುಗ್ಗುವುದರಿಂದ, ಬಾಗಿಲನ್ನು ಕೆಳಕ್ಕೆ ತಿರುಗಿಸುವ ಬಲ 20,736 ಪಟ್ಟು ಕಡಿಮೆ. ಪ್ಲಾಸ್ಟಿಕ್ ಆದರಂತೂ ಇನ್ನೂ ಹಗುರ. ದ್ರವ ಸಾರಜನಕದಲ್ಲಿ ತಿರುಚಿದ ಉಕ್ಕು ಮಾಡುತ್ತಿದ್ದ ಕೆಲಸಕ್ಕೆ ಇಲ್ಲಿ ಬಿಗಿಯಾದೊಂದು ಪ್ಲಾಸ್ಟಿಕ್ ಕೀಲಿನ ಘರ್ಷಣೆ ಸಾಕು.