"ಕಷ್ಟ ಐತೋ ಇಲ್ಲೋ ನಾ ಹೇಳಬೇಕಲ್ರಿ"

ಕೆಲವು ವರ್ಷಗಳ ಹಿಂದಿನ ಮಾತು. ಸಿಂಧನೂರು ಕಡೆಯ ಹೆಂಗಸೊಬ್ಬರು ಬೆಂಗಳೂರಿನ ನಮ್ಮ ಆಸ್ಪತ್ರೆಯ ಡೇ ಕೇರ್‌ನಲ್ಲಿ ಸ್ತನ ಕ್ಯಾನ್ಸರ್‌ಗೆ ಕೀಮೋ ತಗೊಳ್ಳುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಅದೇ ಕಾಯಿಲೆಯ ಇನ್ನೊಬ್ಬರು, ಬೆಂಗಳೂರಿನವರೇ, ಶಾಲೆ ಟೀಚರ್. ಅವರು ಟ್ರಯಲ್‌ನಲ್ಲಿದ್ದರು. ಟ್ರಯಲ್ ಅಂದರೆ ಹೊಸ ಚಿಕಿತ್ಸೆಯೊಂದನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಅಧ್ಯಯನ. ಇಬ್ಬರೂ ಕೂತಲ್ಲೇ ಮಾತಾಡಿಕೊಂಡಿದ್ದಾರೆ. ನಾನು ಹೋದಾಗ ಸಿಂಧನೂರಿನವರು ಕೇಳಿದರು: "ಡಾಕ್ಟರ್ರ, ಈ ಅಕ್ಕಾರಿಗೆ ಬ್ಯಾರೆ ಔಷಧ ಹಾಕಾಕತ್ತೀರಿ. ನನಗ್ಯಾಕ ಕೇಳಲಿಲ್ರಿ?"

ಇದ್ದದ್ದನ್ನೇ ಹೇಳಿದೆ. ಟ್ರಯಲ್ ಅಂದರೆ ಹೇಳಿದ ದಿನಕ್ಕೆ ತಪ್ಪದೆ ಬರಬೇಕು, ನಡುವೆ ರಕ್ತ ಪರೀಕ್ಷೆ, ಹೃದಯದ ಎಕೋ, ಸ್ಕ್ಯಾನ್. ನೀವು ರಾತ್ರಿ ಬಸ್ಸಲ್ಲಿ ಬರೋರು, ಕಷ್ಟ ಆಗುತ್ತೆ ಅಂದುಕೊಂಡೆ.

"ಕಷ್ಟ ಐತೋ ಇಲ್ಲೋ ನಾ ಹೇಳಬೇಕಲ್ರಿ" ಅಂದರು.

ಸಿಟ್ಟಿನಿಂದ ಅಂದದ್ದಲ್ಲ. ಆದರೆ ಹೊಸ ಫೈಲು ತೆರೆದಾಗಲೆಲ್ಲ ಇವತ್ತಿಗೂ ಆ ಮಾತು ನೆನಪಾಗುತ್ತದೆ. ಆ ಟ್ರಯಲ್‌ಗೆ ಅವರು ಹೊಂದುತ್ತಿದ್ದರು. ಆದರೆ ಕೀಮೋ ಶುರುವಾದ ಮೇಲೆ ಅದರೊಳಗೆ ಸೇರಿಸಿಕೊಳ್ಳಲು ಬರುತ್ತಿರಲಿಲ್ಲ. ಕೇಳುವ ಹೊತ್ತು ಇದ್ದದ್ದು ಮೊದಲ ಒಂದೆರಡು ವಾರ ಮಾತ್ರ. ಅವರನ್ನು ಒಂದು ಮಾತೂ ಕೇಳದೆ ಅದನ್ನು ನಾನು ಕಳೆದುಬಿಟ್ಟಿದ್ದೆ.

ಬಡವರು, ಹಳ್ಳಿಯವರು ಟ್ರಯಲ್ ಅಂದರೆ ಹೆದರುತ್ತಾರೆ, ಒಪ್ಪುವುದಿಲ್ಲ ಅಂತ ನಮ್ಮ ಡಾಕ್ಟರುಗಳ ನಡುವೆ ಒಂದು ಮಾತಿದೆ. ಅಮೆರಿಕದಲ್ಲಿ ಕಪ್ಪು ಜನರ ಬಗ್ಗೆ ಇದೇ ಮಾತು ಹೇಳುತ್ತಿದ್ದರು. ಅಲ್ಲಿ ಕಪ್ಪು ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬರುವುದು ಬಿಳಿಯರಿಗಿಂತ ಸ್ವಲ್ಪ ಕಡಿಮೆ, ಆದರೆ ಅದರಿಂದ ಸಾಯುವ ಪ್ರಮಾಣ ಸುಮಾರು ಶೇ. 40ರಷ್ಟು ಜಾಸ್ತಿ. ಟ್ರಯಲ್‌ಗಳಲ್ಲಿ ಮಾತ್ರ ಅವರು ಬೆರಳೆಣಿಕೆಯಷ್ಟು. ಅಪನಂಬಿಕೆಗೆ ಕಾರಣವೂ ಇದೆ. ಟಸ್ಕಿಗೀ ಅನ್ನುವ ಊರಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇದ್ದ ಕಪ್ಪು ಗಂಡಸರಿಗೆ ಸರ್ಕಾರಿ ಡಾಕ್ಟರುಗಳು ಚಿಕಿತ್ಸೆ ಕೊಡದೆ ಸುಮ್ನೆ ನೋಡುತ್ತಾ ಕೂತಿದ್ದರು. ಹಾಗಿದ್ದರೂ 2021ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದಾಗ ಸಿಕ್ಕ ಉತ್ತರ ಬೇರೆಯೇ. ಟ್ರಯಲ್‌ಗೆ ಸೇರುತ್ತೀರಾ ಅಂತ ಕೇಳಿದ ಕ್ಯಾನ್ಸರ್ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದ್ದರು. ಬಿಳಿಯರಲ್ಲಿ ಶೇ. 55, ಕಪ್ಪು ಜನರಲ್ಲಿ ಶೇ. 58. ಮರುವರ್ಷ ಸ್ಟೆಫನಿ ವಾಕರ್ ಇನ್ನೊಂದು ಸಮೀಕ್ಷೆಯ ಫಲಿತಾಂಶ ಮುಂದಿಟ್ಟರು. ಅವರು ನರ್ಸ್ ಆಗಿದ್ದವರು, ಸ್ವತಃ ದೇಹದಲ್ಲಿ ಹರಡಿದ ಸ್ತನ ಕ್ಯಾನ್ಸರ್ ಇದ್ದವರು. ಅದೇ ಹಂತದ ಕಪ್ಪು ರೋಗಿಗಳಲ್ಲಿ ಶೇ. 83 ಮಂದಿ ಟ್ರಯಲ್ ಬಗ್ಗೆ ಯೋಚಿಸಲು ಸಿದ್ಧರಿದ್ದರು. ಶೇ. 40 ಮಂದಿಗೆ ಅವರ ಆಸ್ಪತ್ರೆಯಲ್ಲಿ ಯಾರೂ ಆ ಮಾತೇ ಎತ್ತಿರಲಿಲ್ಲ.

ಕೇಳಿದರೂ ಬಾಗಿಲಲ್ಲೇ ತಡೆಯುವುದು ಇನ್ನೊಂದಿದೆ. ಯಾರು ಸೇರಬಹುದು ಅನ್ನುವ ಷರತ್ತುಗಳ ಪಟ್ಟಿ. ರಕ್ತದಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣಗಳು 1500ಕ್ಕಿಂತ ಮೇಲಿರಬೇಕು ಅಂತ ಬಹಳಷ್ಟು ಟ್ರಯಲ್‌ಗಳು ಕೇಳುತ್ತವೆ. ಆಫ್ರಿಕಾ ಮೂಲದ ಎಷ್ಟೋ ಜನರಲ್ಲಿ ಡಫಿ ಅನ್ನುವ ರಕ್ತ ಗುಂಪಿನ ಒಂದು ಗುಣದಿಂದ ಈ ಸಂಖ್ಯೆ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅದರಿಂದ ಅವರಿಗೆ ಸೋಂಕೇನೂ ಜಾಸ್ತಿ ಆಗುವುದಿಲ್ಲ. ಆರೋಗ್ಯವಾಗಿಯೇ ಇದ್ದಾರೆ, ಆದರೂ ಪಟ್ಟಿಯಿಂದ ಹೊರಗೆ.

ನಮ್ಮಲ್ಲಿ ನನಗೆ ಕಾಡುವ ಷರತ್ತು ಹಿಮೋಗ್ಲೋಬಿನ್ನಿನದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ ಇದೆ. ತೀವ್ರವಾದದ್ದು ಕೆಲವರಿಗೆ ಮಾತ್ರ, ನಿಜ. ಆದರೆ ಟ್ರಯಲ್‌ಗಳು ಸಾಮಾನ್ಯವಾಗಿ ಕೇಳುವ 9 ಅಥವಾ 10ರ ಗೆರೆಯ ಕೆಳಗೆ ಯಾರು ಬೀಳುತ್ತಾರೆ? ಹೊಟ್ಟೆ ತುಂಬ ಉಂಡು ಬೆಳೆದವರು ಕಡಿಮೆ. ಕಬ್ಬಿಣದ ಇಂಜೆಕ್ಷನ್ ಕೊಟ್ಟು ಎರಡು ಮೂರು ವಾರ ಕಾದರೆ ಕೆಲವರು ಮೇಲೆ ಬರುತ್ತಾರೆ. ಕಾಯುವಷ್ಟು ಹೊತ್ತು ಎಲ್ಲ ಟ್ರಯಲ್‌ಗಳಲ್ಲೂ ಇರುವುದಿಲ್ಲ.

ಇವರು ಸೇರದಿದ್ದರೆ ಏನು ನಷ್ಟ ಅಂತ ಕೇಳಬಹುದು. ನಮ್ಮ ಹೆಂಗಸರಿಗೆ ಈ ಕಾಯಿಲೆ ಪಶ್ಚಿಮದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ, ಆಸ್ಪತ್ರೆಗೆ ಬರುವ ಹೊತ್ತಿಗೆ ಗಡ್ಡೆ ದೊಡ್ಡದಾಗಿರುತ್ತದೆ. ನಮ್ಮ ಪ್ರಶ್ನೆಗಳೇ ಬೇರೆ, ಅವಕ್ಕೆ ಉತ್ತರ ಇವರನ್ನು ಬಿಟ್ಟು ಸಿಗುವುದಿಲ್ಲ. ಮುಂಬೈನ ಟಾಟಾ ಮೆಮೋರಿಯಲ್‌ನವರು ನಡೆಸಿದ ಟ್ರಯಲ್ ನೋಡಿ. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಆ ಲಿಗ್ನೊಕೇನ್ ಔಷಧವನ್ನು ಆಪರೇಷನ್‌ಗೆ ಸ್ವಲ್ಪ ಮುಂಚೆ ಗಡ್ಡೆಯ ಸುತ್ತ ಚುಚ್ಚಿದರು. ಸುಮಾರು 1600 ಹೆಂಗಸರು ಸೇರಿದ್ದರು. 2023ರಲ್ಲಿ ಫಲಿತಾಂಶ ಬಂತು: ಐದು ವರ್ಷದ ನಂತರ ಬದುಕಿದ್ದವರು, ಅದನ್ನು ಚುಚ್ಚದವರಲ್ಲಿ ಶೇ. 86.4, ಚುಚ್ಚಿದವರಲ್ಲಿ ಶೇ. 90.1. ಯಾವ ತಾಲೂಕು ಆಸ್ಪತ್ರೆಯಲ್ಲೂ ಸಿಗುವ ಔಷಧ ಅದು! ಇಂಥ ಪ್ರಶ್ನೆಯನ್ನು ಕಂಪನಿಗಳು ಕೇಳುವುದಿಲ್ಲ.

ಹೆದರಿಕೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. "ನಮ್ಮನ್ನ ಇಲಿ ಮಾಡ್ತೀರಾ?" ಅಂತ ಕೇಳುವವರು ಇದ್ದಾರೆ, ಕೇಳಲೇಬೇಕು. ಆಗ ನಾನು ಹೇಳುವುದು ಇಷ್ಟು. ಬರೀ ಸಕ್ಕರೆ ಮಾತ್ರೆ ಕೊಟ್ಟು ಕೂರಿಸುವುದಿಲ್ಲ; ಈಗಿರುವ ಒಳ್ಳೆಯ ಚಿಕಿತ್ಸೆಯ ಜೊತೆ ಹೊಸದನ್ನು ಹೋಲಿಸುತ್ತೇವೆ. ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೂ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ. ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ 2019ರ ನಿಯಮದಲ್ಲಿವೆ. ಬಸ್ ಚಾರ್ಜು ಯಾರು ಕೊಡುತ್ತಾರೆ ಅಂತಲೂ ನಾಚಿಕೊಳ್ಳದೆ ಕೇಳಿ. ಎಷ್ಟೋ ಟ್ರಯಲ್‌ಗಳಲ್ಲಿ ಅದಕ್ಕೆ ದುಡ್ಡು ಇಟ್ಟಿರುತ್ತಾರೆ.

ಒಪ್ಪಿಗೆ ಪತ್ರದ ಕನ್ನಡದ ಬಗ್ಗೆ ಒಂದು ಮಾತು ಹೇಳಲೇಬೇಕು. ಇಪ್ಪತ್ತು ಪುಟ, ಅದರಲ್ಲಿ "ಯಾದೃಚ್ಛಿಕವಾಗಿ ಹಂಚಿಕೆ ಮಾಡಲಾಗುವುದು" ಅಂತಿರುತ್ತದೆ. ಓದಿದ ನನಗೇ ತೊಡಕು. "ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತೆ, ನಾನೂ ಅಲ್ಲ ನೀವೂ ಅಲ್ಲ" ಅಂದರೆ ಯಾರಿಗೂ ಅರ್ಥವಾಗುತ್ತದೆ. ಊರಲ್ಲಿ ಚೀಟಿ ಎತ್ತೋದು ನೋಡದವರು ಯಾರಿದ್ದಾರೆ?

ಈಗ ನಮ್ಮ ಮೊದಲ ಭೇಟಿಯ ಹಾಳೆಯಲ್ಲೇ ಒಂದು ಸಾಲಿದೆ: ಟ್ರಯಲ್ ಬಗ್ಗೆ ಹೇಳಿದ್ದೀರಾ? ಸೇರದಿದ್ದರೆ ಕಾರಣವೇನು? "ದೂರದವರು" ಅಂತ ನಾವೇ ಬರೆಯುವ ಹಾಗಿಲ್ಲ.

ಕಳೆದ ತಿಂಗಳು ಹಾವೇರಿ ಕಡೆಯವರೊಬ್ಬರು ಎಲ್ಲ ಕೇಳಿಸಿಕೊಂಡರು. ಮಗಳ ಜೊತೆ ಮಾತಾಡಿ ಎರಡು ದಿನ ಬಿಟ್ಟು ಬಂದರು. "ಬ್ಯಾಡ್ರಿ. ಮನ್ಯಾಗ ಎರಡು ಎಮ್ಮಿ ಅದಾವು, ನೋಡಾವ್ರಿಲ್ಲ" ಅಂದರು. ಕಾರಣದ ಜಾಗದಲ್ಲಿ ಅದನ್ನೇ ಬರೆದುಕೊಂಡೆ.